ಮೂರನೆಯ ಪಾಲು

ಟೆಸ್ಟ್ ಟ್ಯೂಬಿನೊಳಗೆ ಬಣ್ಣ ತಿರುಗಲು ಅರ್ಧ ನಿಮಿಷವೂ ಬೇಕಾಗಲಿಲ್ಲ. ಮೊದಲು ತೆಳು ಗುಲಾಬಿ. ನೋಡನೋಡುತ್ತಲೇ ಕುಂಕುಮ ಕಲಕಿದ ನೀರಿನ ಹಾಗೆ ಕಡುಗೆಂಪು.

ತಿರುಮಲೇಶ್ ಅದನ್ನು ಅಡುಗೆಮನೆಯ ಕಿಟಕಿಗೆ ಹಿಡಿದು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ನೋಡಿದರು. ಕೆಂಪು ಕೆಂಪಾಗಿಯೇ ಇತ್ತು.

"ಏನಂತ ಬಂತ್ರೀ ಸರ?" ಬಾಗಿಲ ಬಳಿ ನಿಂತಿದ್ದ ಶೈಲಶ್ರೀ ಕೇಳಿದಳು.

"ನಿಕ್ಕಲ್."

"ಅಂದ್ರ?"

ಅವರು ಟ್ಯೂಬನ್ನು ಸ್ಟ್ಯಾಂಡಿನಲ್ಲಿಟ್ಟು ಗ್ಯಾಸ್ ಕಟ್ಟೆಗೆ ಒರಗಿ ನಿಂತರು.

ಆರು ವರ್ಷದ ಹಿಂದೆ, ತೊಂಬತ್ತೇಳರ ಸೆಪ್ಟೆಂಬರಿನಲ್ಲಿ, ಬೇಗೂರು ರಸ್ತೆಯ ಸಣ್ಣ ಕೆಮಿಕಲ್ ಕಾರ್ಖಾನೆಯೊಂದರ ಬೆಂಕಿಯಲ್ಲಿ ಸುಟ್ಟು ಸತ್ತ ಆಪರೇಟರ್ ಮೌನೇಶನ ತಂಗಿ ಈ ಹುಡುಗಿ. 'ಮೃತನ ಅಜಾಗರೂಕತೆಯೇ ಬೆಂಕಿಗೆ ಕಾರಣ' ಎಂದು ಸರ್ಕಾರಿ ಲ್ಯಾಬಿನಿಂದ ವರದಿ ಬರೆದವರು ಈ ತಿರುಮಲೇಶ್.

ನಿವೃತ್ತರಾದ ಮೇಲೆ ಅವರು ಸಣ್ಣಪುಟ್ಟ ಖಾಸಗಿ ತನಿಖೆಗಳನ್ನು ಮಾಡಿಕೊಂಡಿದ್ದರು. ಹೋದ ವಾರ ಶೈಲಶ್ರೀ ಆ ವರದಿಯ ಜೆರಾಕ್ಸ್ ಹಿಡಿದು ತ್ಯಾಗರಾಜನಗರದ ಅವರ ಮನೆಯ ಗೇಟು ತಟ್ಟಿದ್ದಳು. ಬೈಯಲು ಬಂದಿದ್ದಾಳೆ ಎಂದೇ ಅವರು ಅಂದುಕೊಂಡಿದ್ದರು. ಅವಳು ಬೈಯಲಿಲ್ಲ.

"ಇದನ್ನ ನೀವ ಬರದೀರಿ. ಸರಿ ಐತೋ ಇಲ್ಲೋ, ನೀವ ಇನ್ನೊಮ್ಮಿ ನೋಡ್ರಿ," ಎಂದಿದ್ದಳು. ಅಷ್ಟೇ.

ಬೈದಿದ್ದರೆ ಅವರಿಗೆ ಸುಲಭವಾಗುತ್ತಿತ್ತು.

"ಒಳಗೆ ಬಾಮ್ಮ, ಕೂತ್ಕೋ," ಎಂದು ಸ್ಟೂಲು ಎಳೆದರು. "ನಿಮ್ಮಣ್ಣ ಅಲ್ಲಿ ಏನು ಕೆಲಸ ಮಾಡ್ತಿದ್ದ ಅನ್ನೋದು ನಿಂಗೆ ಗೊತ್ತು, ಅಲ್ವಾ?"

"ಗೊತ್ತೈತ್ರಿ. ಫೀನಾಲಿಗೆ ಹೈಡ್ರೋಜನ್ ಕೂಡಸೂದು." ಅವಳು ಪಾಠ ಒಪ್ಪಿಸುವವಳ ಹಾಗೆ ಹೇಳಿದಳು. "ಎರಡು ಪಾಲು ಕೂಡಿದ್ರ ಸೈಕ್ಲೋಹೆಕ್ಸನೋನ್ ಅನ್ನೂ ಕೀಟೋನ್ ಆಗತೈತಿ. ಪೇಂಟಿಗೆ, ನೈಲಾನಿಗೆ ಬೇಕಾಗತೈತಿ ಅದು. ಇನ್ನೊಂದು ಪಾಲು ಕೂಡಿ ಮೂರಾದ್ರ ಕೀಟೋನ್ ಉಳಿಯಂಗಿಲ್ಲ, ಆಲ್ಕೋಹಾಲ್ ಆಗಿಬಿಡತೈತಿ. ಅಣ್ಣ ಪತ್ರದಾಗ ಬರೀತಿದ್ದ."

"ಎರಡರಲ್ಲಿ ನಿಲ್ಲಿಸೋದು ಯಾವುದು?"

"ಪಲ್ಲಾಡಿಯಂ. ಇದ್ದಿಲ ಪುಡಿಗೆ ಸವರಿದ್ದು."

"ನಿಮ್ಮಣ್ಣ ಸುಟ್ಟುಹೋದಾಗ ಅವನ ಕೈಯಲ್ಲಿದ್ದಿದ್ದು ಅದೇ ಅಂತ ನಾನು ಬರೆದೆ. ಅದಲ್ಲ. ಪಲ್ಲಾಡಿಯಂ ಆಗಿದ್ರೆ ಪರೀಕ್ಷೆಯ ದ್ರಾವಣ ಹಾಕಿದ ಕೂಡಲೇ ಆಸಿಡ್‌ನಲ್ಲೇ ಹಳದಿ ಬಣ್ಣ ಬರಬೇಕಿತ್ತು. ಬರಲಿಲ್ಲ. ಅಮೋನಿಯಾ ಹಾಕಿದ ಮೇಲೆ ಕೆಂಪು ಬಂತು. ಇದು ನಿಕ್ಕಲ್."

ಪರೀಕ್ಷೆಗೆ ಸಿಕ್ಕಿದ್ದು ಚಿಟಿಕೆಯಷ್ಟು ಕಪ್ಪು ಪುಡಿ. ಆಸ್ಪತ್ರೆಯವರು ಮೌನೇಶನ ಮನೆಯವರಿಗೆ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೊಟ್ಟಿದ್ದ ಚರ್ಮದ ಪರ್ಸಿನಲ್ಲಿ, ಬೆಂಕಿಗೆ ಕರಗಿದ ಹೊಲಿಗೆ ದಾರದೊಳಗೆ ಅದು ಹೂತು ಉಳಿದುಕೊಂಡಿತ್ತು. ಪರ್ಸಿನ ಚೊಕ್ಕ ಭಾಗದಿಂದ ಚೂರು ಚರ್ಮ ಕತ್ತರಿಸಿ ಬೇರೆ ಟ್ಯೂಬಿನಲ್ಲಿ ಹಾಕಿ ನೋಡಿದ್ದರು. ಅದರಲ್ಲಿ ಯಾವ ಬಣ್ಣವೂ ಬಂದಿರಲಿಲ್ಲ. ಸಂದೇಹಕ್ಕೆ ಜಾಗವಿರಲಿಲ್ಲ.

"ನಿಕ್ಕಲ್ ಆದ್ರ ಏನಾತ್ರೀ?"

"ಎರಡು ಪುಡೀನೂ ಒದ್ದೆಯಾಗಿರೋವರೆಗೆ ಸಾಧು. ಒಣಗಿದ್ರೆ ತಾನೇ ಹತ್ಕೊಳ್ಳುತ್ತೆ. ಆದ್ರೆ ಪಲ್ಲಾಡಿಯಂ ಸವರಿದ ಇದ್ದಿಲು ನೀರು ಹಿಡ್ಕೊಂಡಿರುತ್ತೆ, ನಮಗೆ ಸ್ವಲ್ಪ ಟೈಮ್ ಕೊಡುತ್ತೆ. ಸೋಸಿದ ಮೇಲೆ ಹತ್ತು ನಿಮಿಷ ನೀರು ಬಸಿಯಲಿ, ಆಮೇಲೆ ಕೆರೆದು ನೀರಿನ ಡ್ರಮ್ಮಿಗೆ ಹಾಕಿ ಅಂತ ಆ ಕಾರ್ಖಾನೆಯ ರೂಲ್ಸ್‌ನಲ್ಲೇ ಇತ್ತು. ಅವನು ಹತ್ತು ನಿಮಿಷ ಕಾದ. ನಿಕ್ಕಲ್ ಅಷ್ಟು ಹೊತ್ತು ಕಾಯಲ್ಲ."

ಶೈಲಶ್ರೀ ಕೆಂಪು ಟ್ಯೂಬನ್ನೇ ನೋಡುತ್ತಿದ್ದಳು.

"ಹಂಗಂದ್ರ ಅಂವಂದು ತಪ್ಪಿಲ್ಲ."

"ಇಲ್ಲ. ರೂಲ್ಸಿನ ಪ್ರಕಾರವೇ ನಡೆದುಕೊಂಡಿದ್ದಾನೆ."

"ಈ ಪರೀಕ್ಷಾ ಆವಾಗ ಇದ್ದಿದ್ದಿಲ್ಲೇನ್ರೀ?"

ಈ ಪ್ರಶ್ನೆ ಬರುತ್ತದೆಂದು ಅವರಿಗೆ ಬೆಳಿಗ್ಗೆಯಿಂದಲೂ ಗೊತ್ತಿತ್ತು.

"ಇತ್ತು."

"ಎಷ್ಟೊತ್ತು ಹಿಡೀತಿತ್ತು?"

"ಈಗ ಹಿಡೀತಲ್ಲ, ಅಷ್ಟೇ."

ಅವಳು ಎದ್ದು ಹೋಗಿ ನಲ್ಲಿಯ ಕೆಳಗೆ ಕೈ ತೊಳೆದುಕೊಂಡಳು. ಅವಳ ಕೈಗೆ ಏನೂ ಅಂಟಿರಲಿಲ್ಲ.

ಆಗ ತಿರುಮಲೇಶರ ಮೇಜಿನ ಮೇಲೆ ಹದಿನಾಲ್ಕು ಫೈಲುಗಳಿದ್ದವು. ಕಾರ್ಖಾನೆಯಲ್ಲಿ ಆ ಪುಡಿ ಇಡುತ್ತಿದ್ದ ಡಬ್ಬದ ಮೇಲೆ ಪಲ್ಲಾಡಿಯಂ ಎಂಬ ಲೇಬಲ್ ಇತ್ತು. ಜೊತೆಗೆ ಆ ಕಾರ್ಖಾನೆಯ ಲ್ಯಾಬಿನ ಮುಖ್ಯಸ್ಥೆ ಡಾಕ್ಟರ್ ಸರಸ್ವತಿ ತಿರುಮಲೇಶರ ಎಂ.ಎಸ್ಸಿ. ಸಹಪಾಠಿ. ಫೋನ್ ಮಾಡಿ ಕೇಳಿದ್ದರು. ಪಲ್ಲಾಡಿಯಂ ಎಂದು ಸರಸ್ವತಿ ಹೇಳಿದ್ದರು. ಇವರು ಬರೆದುಕೊಂಡಿದ್ದರು. ಕ್ಲಾಸಿನಲ್ಲಿ ಸರಸ್ವತಿ ಹೇಳಿದ ಉತ್ತರ ತಪ್ಪಾಗಿದ್ದೇ ಇಲ್ಲ. ಪರೀಕ್ಷೆಯ ಹಿಂದಿನ ದಿನ ಹುಡುಗರೆಲ್ಲ ಅವರ ನೋಟ್ಸನ್ನೇ ಕೇಳಿ ಪಡೆಯುತ್ತಿದ್ದರು.

ಇಪ್ಪತ್ತಾರು ವರ್ಷದ ಒಬ್ಬನ ಸಾವಿಗೆ ತಾವು ಕೊಟ್ಟ ಗಮನ ಅಷ್ಟೇ. ಒಂದು ಫೋನ್ ಕರೆ.

"ಸರ, ಇನ್ನೊಂದೈತ್ರಿ," ಎಂದಳು ಶೈಲಶ್ರೀ. ಸೆರಗಿನಿಂದ ಕೈ ಒರೆಸಿಕೊಂಡು, ಬ್ಲೌಸಿನೊಳಗಿನ ಸಣ್ಣ ಚೀಲದಿಂದ ನಾಲ್ಕು ಮಡಿಕೆಯ ಒಂದು ಹಾಳೆ ತೆಗೆದಳು. "ನೀವು ಪರೀಕ್ಷಾ ಮಾಡೂತನ ಕೊಡಬಾರ್ದಂತ ಇಟಗೊಂಡಿದ್ದೆ. ಅಣ್ಣ ಬರೆದ ಕಡೀ ಪತ್ರ. ಅಂವ ಸತ್ತ ಮ್ಯಾಲ ಅಂಚಿಯಾಗ ಬಂತು."

ಮಡಿಕೆಗಳಲ್ಲಿ ಕಾಗದ ಹರಿಯುವ ಹಾಗಾಗಿತ್ತು. ದುಂಡಗಿನ ಅಕ್ಷರ. ತಾರೀಕು ಸೆಪ್ಟೆಂಬರ್ ಒಂಬತ್ತು, ಮಂಗಳವಾರ. ಬೆಂಕಿ ಬಿದ್ದದ್ದು ಹನ್ನೆರಡನೆಯ ತಾರೀಕು ಶುಕ್ರವಾರ ಮಧ್ಯಾಹ್ನ. ಅವನು ಸತ್ತದ್ದು ಭಾನುವಾರ.

'ಶೈಲಾ, ನಾವು ಎರಡು ಪಾಲಿಗೆ ನಿಲ್ಲಸಬೇಕು ಅಂತ ಹೇಳಿದ್ನೆಲ್ಲ, ನಿನ್ನೆ ಇವತ್ತು ಅದು ನಿಲ್ಲವಲ್ದು. ಹೈಡ್ರೋಜನ್ ಸಿಲಿಂಡರಿನ ಮುಳ್ಳು ಇಳಕೋತನ ಹೊಂಟೈತಿ. ಲೆಕ್ಕ ಹಾಕಿದ್ರ ಬರೋಬ್ಬರಿ ಮೂರು ಪಾಲು. ದಿನಾ ಪೆಪ್ಪರ್‌ಮಿಂಟ್ ವಾಸನಿ ಬರತಿತ್ತು, ಈಗ ಕರ್ಪೂರದ ವಾಸನಿ. ಡಬ್ಬಿನೂ ಭಾರ ಅನಸ್ತೈತಿ. ಮೇಡಂಗ ಹೇಳೀನಿ. ನೋಡ್ತೀನಿ ಅಂದಾರ. ಯಾಕ ಹಿಂಗಾಗಿದ್ದೀತು, ನೀನ ವಿಚಾರ ಮಾಡಿ ಹೇಳು. ಪುಸ್ತಕ ನೋಡಬ್ಯಾಡ.'

"ನನಗ ಆವಾಗ ಉತ್ತರ ತಿಳೀಲಿಲ್ರೀ," ಎಂದಳು ಶೈಲಶ್ರೀ. "ಪಿಯುಸಿ ಎರಡನೇ ವರ್ಷದಾಗಿದ್ದೆ. ಅಂವ ಹೋದಮ್ಯಾಲ ಪುಸ್ತಕ ಮುಟ್ಟಲಿಲ್ಲ."

ಈಗ ಅವಳು ಬಿಟಿಎಂ ಬಡಾವಣೆಯಲ್ಲಿ ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿ ಟೋಕನ್ ಕೊಡುವ ಕೆಲಸದಲ್ಲಿದ್ದಳು.

ತಿರುಮಲೇಶ್ ಪತ್ರವನ್ನು ಮತ್ತೆ ಓದಿದರು. ಮೂರು ಪಾಲು. ಕರ್ಪೂರದ ವಾಸನೆ. ಭಾರದ ಡಬ್ಬಿ. ಒಂದು ಯಂತ್ರವೂ ಇಲ್ಲದೆ, ಬರೀ ಮೂಗು, ಕಣ್ಣು, ಕೈಗಳಿಂದ ಅವನು ನಿಕ್ಕಲ್ ಅನ್ನು ಹಿಡಿದಿದ್ದ. ಹೆಸರೊಂದು ಹೇಳಲು ಬಾಕಿ ಇತ್ತು. ಆ ಹೆಸರು ಹೇಳಬೇಕಾದವರು 'ನೋಡ್ತೀನಿ' ಎಂದಿದ್ದರು.

"ಸೋಮವಾರ ನಮ್ಮ ಪರಿಹಾರದ ಕೇಸಿಂದು ಕೋರ್ಟು," ಎಂದಳು ಶೈಲಶ್ರೀ. "ಕಡೀ ತಾರೀಕು ಅಂತ ವಕೀಲರು ಹೇಳ್ಯಾರ."

"ಗೊತ್ತು. ಚಪ್ಪಲಿ ಹಾಕ್ಕೊ. ಜಯನಗರಕ್ಕೆ ಹೋಗೋಣ."

* * *

ಆಟೋ ನೆಟ್ಟಕಲ್ಲಪ್ಪ ಸರ್ಕಲ್ ದಾಟಿ ಏಳನೇ ಬ್ಲಾಕ್ ಸೇರುವ ಹೊತ್ತಿಗೆ ನಾಲ್ಕೂಕಾಲು. ಸರಸ್ವತಿಯವರ ಮನೆ ಮೊದಲನೇ ಮಹಡಿಯಲ್ಲಿ. ಕಾರ್ಖಾನೆ ಬಿಟ್ಟ ಮೇಲೆ ಅವರು ಮನೆಯಲ್ಲೇ ಪಿಯುಸಿ ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಡುತ್ತಿದ್ದರು. ಸಂಜೆಯ ಬ್ಯಾಚು ಐದೂವರೆಗೆ.

"ನೀನು ಆ ಬೇಕರಿ ಹತ್ರ ಕೂತಿರು," ಎಂದರು ತಿರುಮಲೇಶ್. "ನಿನ್ನನ್ನ ನೋಡಿದ್ರೆ ಅವರಿಗೆ ಮಾತೇ ಹೊರಡಲ್ಲ."

"ನಾ ಏನೂ ಅನ್ನಂಗಿಲ್ರೀ."

"ಅದಕ್ಕೇ."

ಸರಸ್ವತಿ ಬಾಗಿಲು ತೆರೆದಾಗ ಕೈಯಲ್ಲಿ ಸೀಮೆಸುಣ್ಣವಿತ್ತು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಮೂವತ್ತೈದು ವರ್ಷದ ಪರಿಚಯ. ಆದರೂ ಇಬ್ಬರೂ ಬಹುವಚನ ಬಿಟ್ಟಿರಲಿಲ್ಲ.

"ತಿರುಮಲೇಶ್! ಫೋನ್ ಮಾಡಿದ್ರೆ ಏನಾದ್ರೂ ತಿಂಡಿ ಮಾಡಿಟ್ಟಿರ್ತಿದ್ದೆ. ಕಾಫಿ?"

"ಬೇಡಿ. ಕೂತ್ಕೊಳ್ಳಿ."

ಅವರು ಕೂತರು. ತಿರುಮಲೇಶ್ ಪತ್ರವನ್ನು ಟೀಪಾಯಿಯ ಮೇಲೆ ಬಿಡಿಸಿಟ್ಟರು. ಸರಸ್ವತಿ ಮುಂದಕ್ಕೆ ಬಾಗಿ ಓದತೊಡಗಿದರು. 'ಮೇಡಂಗ ಹೇಳೀನಿ' ಎಂಬಲ್ಲಿ ಅವರ ಬೆರಳು ನಿಂತಿತು. ಅಲ್ಲಿಂದ ಮುಂದಕ್ಕೆ ಹೋಗಲು ತುಂಬ ಹೊತ್ತು ಹಿಡಿಯಿತು.

"ಇದು ಎಲ್ಲಿ ಸಿಕ್ತು?"

"ಅವನ ತಂಗಿ ಇಟ್ಕೊಂಡಿದ್ದಳು."

"ತಂಗಿ..." ಸರಸ್ವತಿ ಹಾಳೆಯ ಅಂಚು ಸವರಿದರು. "ಶೈಲಾ ಅಂತ. ಅವಳನ್ನ ಬಿ.ಎಸ್ಸಿ.ಗೆ ಸೇರಿಸ್ತೀನಿ ಮೇಡಂ ಅಂತಿದ್ದ. ನಾನೇ ಪುಸ್ತಕ ಕೊಡ್ತೀನಿ ಅಂದಿದ್ದೆ."

"ಅವನ ಪರ್ಸಿನಲ್ಲಿದ್ದ ಪುಡಿನ ಇವತ್ತು ಟೆಸ್ಟ್ ಮಾಡಿದೆ. ಕೆಂಪು ಬಂತು."

ಸರಸ್ವತಿಯವರ ಕೈಯಲ್ಲಿದ್ದ ಸೀಮೆಸುಣ್ಣ ಮುರಿಯಿತು.

"ಆಗಲೇ ಮಾಡಬೇಕಿತ್ತು," ಎಂದರು ತಿರುಮಲೇಶ್. "ಮಾಡಲಿಲ್ಲ. ಅದು ನನ್ನ ತಪ್ಪು. ನಿಮ್ಮದು ಏನು ಅಂತ ಕೇಳೋಕೆ ಬಂದಿದ್ದೀನಿ."

ಕೆಳಗೆ ರಸ್ತೆಯಲ್ಲಿ ತರಕಾರಿ ಗಾಡಿಯವನು ಕೂಗಿಕೊಂಡು ಹೋದ. ಸರಸ್ವತಿ ಮುರಿದ ಸೀಮೆಸುಣ್ಣದ ಚೂರುಗಳನ್ನು ಟೀಪಾಯಿಯ ಅಂಚಿನಲ್ಲಿಟ್ಟರು.

"ಪೆಪ್ಪರ್‌ಮಿಂಟು, ಕರ್ಪೂರ," ಎಂದರು ಕೊನೆಗೆ. "ಅವನ ಮೂಗು ನಮ್ಮ ಮೆಷಿನ್‌ಗಿಂತ ಚೆನ್ನಾಗಿತ್ತು. ಹೌದು, ತಿರುಮಲೇಶ್. ಡಬ್ಬದೊಳಗಿನ ಮಾಲು ಬದಲಾಯಿಸಿದ್ದು ನಾನೇ."

"ಯಾಕೆ?"

"ಪಲ್ಲಾಡಿಯಂ ಬೆಲೆ ಏರ್ತಾ ಇತ್ತು. ಮಾಲೀಕರು ದಿನಾ ಗೊಣಗೋರು. ನಿಕ್ಕಲ್ ಅಗ್ಗ. ಅದನ್ನ ಪಳಗಿಸಿ, ಎರಡೇ ಪಾಲಿಗೆ ನಿಲ್ಲೋ ಹಾಗೆ ಮಾಡಬಹುದು ಅಂತ ನನಗೊಂದು ಹಠ. ಮಾಡಿದ್ರೆ ನನ್ನ ಹೆಸರಲ್ಲಿ ಪೇಟೆಂಟ್. ಲ್ಯಾಬ್‌ನಲ್ಲಿ ಗ್ಲಾಸಿನಷ್ಟು ಮಾಡಿದಾಗ ನಿಂತಿತ್ತು ಕೂಡ. ದೊಡ್ಡ ಪಾತ್ರೇಲಿ ನೋಡಬೇಕಿತ್ತು."

"ಅವನಿಗೆ ಹೇಳಿ ನೋಡಬಹುದಿತ್ತಲ್ಲ?"

"ಹೇಳಿದ್ರೆ ಅವನು ಹುಷಾರಾಗಿ ನಡೆಸ್ತಾನೆ. ಗ್ಯಾಸ್ ಬೇಗ ನಿಲ್ಲಿಸ್ತಾನೆ. ಆಗ ರಿಸಲ್ಟು ನಿಕ್ಕಲ್‌ದೋ, ಮೌನೇಶಂದೋ ಗೊತ್ತಾಗಲ್ಲ. ಗೊತ್ತಿಲ್ಲದವನ ಕೈಯಲ್ಲಿ ನಡೀಬೇಕು ಅಂದ್ಕೊಂಡೆ."

"ಗೊತ್ತಿಲ್ಲದವನು ಅದನ್ನ ಬರಿಗೈಯಲ್ಲಿ ಕೆರೀತಾನೆ."

"ಗೊತ್ತು."

"ಹತ್ತು ನಿಮಿಷ ಕಾಯ್ತಾನೆ."

"ಗೊತ್ತು, ತಿರುಮಲೇಶ್!" ಸರಸ್ವತಿಯವರ ದನಿ ಏರಿ ಹಾಗೇ ಇಳಿಯಿತು. "ಆರು ವರ್ಷದಿಂದ ನನಗೆ ಇನ್ನೇನು ಗೊತ್ತಿದೆ ಅಂದ್ಕೊಂಡಿದ್ದೀರಿ? ಸೋಮವಾರ, ಮಂಗಳವಾರ ಎರಡು ದಿನ ಸೋಸೋ ಹೊತ್ತಿಗೆ ನಾನೇ ಪಕ್ಕದಲ್ಲಿ ನಿಂತಿದ್ದೆ. ಪೈಪಿನಿಂದ ನೀರು ಬಿಡ್ತಾ ಇದ್ದೆ. ಇವತ್ಯಾಕೆ ಮೇಡಂ ಇಷ್ಟು ನೀರು ಅಂತ ನಗ್ತಿದ್ದ. ನನ್ನ ಮುಂದೆ ಏನೂ ಆಗಲ್ಲ ಅನ್ನೋ ಧೈರ್ಯ."

"ಶುಕ್ರವಾರ ನೀವು ಅಲ್ಲಿರಲಿಲ್ಲ."

"ಶುಕ್ರವಾರ ಇರಬೇಕಾದ ಅಗತ್ಯವೇ ಇರಲಿಲ್ಲ." ಸರಸ್ವತಿ ತಲೆಯೆತ್ತಿ ಅವರನ್ನು ನೇರವಾಗಿ ನೋಡಿದರು. "ಅದನ್ನೇ ನಿಮಗೆ ಹೇಳಬೇಕು. ಶುಕ್ರವಾರ ಆ ಡಬ್ಬದಲ್ಲಿ ನಿಕ್ಕಲ್ ಇರಲೇಬಾರದಿತ್ತು."

ತಿರುಮಲೇಶ್ ಪತ್ರವನ್ನು ಪಕ್ಕಕ್ಕೆ ಸರಿಸಿದರು.

"ಮಂಗಳವಾರ ಅವನು ಬಂದು ಮೂರು ಪಾಲು ಕುಡೀತಿದೆ ಮೇಡಂ ಅಂದಾಗಲೇ ನನ್ನ ಪೇಟೆಂಟ್ ಮುಗೀತು. ಬುಧವಾರ ಬೆಳಿಗ್ಗೆ ಹೋದವಳೇ ನಿಕ್ಕಲ್ ತೆಗೆದು, ಡಬ್ಬ ತೊಳೆದು, ಪಲ್ಲಾಡಿಯಂ ವಾಪಸ್ ತುಂಬಿಸಿದೆ. ನಿಕ್ಕಲ್ ಕಪಾಟಿಗೆ ಹೋಯ್ತು. ಬೀಗ ಹಾಕಿದೆ."

"ಒಬ್ಬರೇ?"

"ಇಲ್ಲ. ಫನೆಲ್ ಹಿಡ್ಕೊಳ್ಳೋಕೆ ಇನ್ನೊಬ್ಬರು ಬೇಕು. ಮೌನೇಶ ಹಿಡ್ಕೊಂಡ. ಅವನಿಗೆ ಅವತ್ತು ಎಲ್ಲಾ ಹೇಳಿದೆ. ಕ್ಷಮಿಸು ಅಂತಾನೂ ಅಂದೆ."

"ಸರಸ್ವತಿಯವರೇ, ಸತ್ತವನು ಬಂದು ಇಲ್ಲ ಅನ್ನಲ್ಲ."

ಅದು ಕೆಟ್ಟ ಮಾತು. ಆಡಿದ ಕೂಡಲೇ ತಿರುಮಲೇಶರಿಗೆ ಹಾಗನ್ನಿಸಿತು. ಸರಸ್ವತಿ ಎದ್ದು ಒಳಗೆ ಹೋದರು. ಕಬ್ಬಿಣದ ಬೀರು ತೆರೆದ ಸದ್ದು. ಬಂದಾಗ ಕೈಯಲ್ಲಿ ಕಂದು ರಟ್ಟಿನ ನೋಟ್‌ಬುಕ್ಕಿತ್ತು.

"ನನ್ನ ಸ್ವಂತ ಲ್ಯಾಬ್ ಪುಸ್ತಕ. ಇದು ಅವತ್ತು ಮನೇಲಿತ್ತು, ಸುಡಲಿಲ್ಲ. ನೋಡಿ."

ಸೆಪ್ಟೆಂಬರ್ ಹತ್ತು, ಬುಧವಾರ, ಹತ್ತೂ ಹದಿನೈದು. ಸರಸ್ವತಿಯವರ ಓರೆ ಬರಹದಲ್ಲಿ ಮೂರು ಸಾಲು. ಪಲ್ಲಾಡಿಯಂ ಮರಳಿ ತುಂಬಿದೆ. ನಿಕ್ಕಲ್ ಕಪಾಟಿನಲ್ಲಿದೆ. ಅಪಾಯ ವಿವರಿಸಲಾಗಿದೆ. ಅದರ ಕೆಳಗೆ ಬೇರೆ ಶಾಯಿಯಲ್ಲಿ, ಬೇರೆ ಕೈಯಲ್ಲಿ, ಕನ್ನಡದಲ್ಲಿ ಒಂದು ಹೆಸರು.

ಮೌನೇಶ.

ತಿರುಮಲೇಶ್ ಪತ್ರವನ್ನು ಪುಟದ ಪಕ್ಕಕ್ಕೆ ಎಳೆದುಕೊಂಡರು. ಅದೇ ದುಂಡಗಿನ ಅಕ್ಷರ. ಔತ್ವವನ್ನು ಮೇಲಕ್ಕೆ ಎಳೆದು ಸುರುಳಿ ಸುತ್ತುವ ಅದೇ ರೀತಿ. ಬರಿಗಣ್ಣಿಗೆ ಒಂದೇ ಕೈ.

"ಕಪಾಟಿನ ಕೀ ಯಾರ ಹತ್ರ ಇತ್ತು?"

"ನನ್ನ ಹತ್ರ ಒಂದು. ಅವನ ಹತ್ರ ಒಂದು. ಬೆಳಿಗ್ಗೆ ಮೊದಲು ಬಂದು ತೆಗೆಯೋನು ಅವನೇ ಅಲ್ವಾ?"

"ಬೆಂಕಿ ಆರಿದ ಮೇಲೆ ಪಲ್ಲಾಡಿಯಂ ಎಷ್ಟು ಸಿಕ್ತು?"

"ಸಿಗಲಿಲ್ಲ. ಅರ್ಧ ಕೇಜಿ ಪುಡಿ ಇತ್ತು. ಬೆಂಕೀಲಿ ಹೋಯ್ತು ಅಂದ್ಕೊಂಡ್ವಿ."

"ಇದ್ದಿಲು ಸುಡುತ್ತೆ," ಎಂದರು ತಿರುಮಲೇಶ್ ನಿಧಾನವಾಗಿ. "ಪಲ್ಲಾಡಿಯಂ ಎಲ್ಲಿಗೆ ಹೋಗುತ್ತೆ? ಬೂದಿಯಲ್ಲೇ ಇರಬೇಕು."

ಈ ಮಾತು ಇಬ್ಬರಿಗೂ ಹೊಸದಲ್ಲ. ಎರಡನೇ ವರ್ಷದ ಹುಡುಗರಿಗೂ ಗೊತ್ತಿರುವಂಥದ್ದು. ಬೂದಿ ಜರಡಿ ಹಿಡಿದು ನೋಡಬೇಕೆಂದು ಆಗ ಇಬ್ಬರಲ್ಲಿ ಒಬ್ಬರಿಗೂ ತೋಚಿರಲಿಲ್ಲ. ಒಬ್ಬರು ಹೆದರಿದ್ದರು. ಇನ್ನೊಬ್ಬರಿಗೆ ಪುರುಸೊತ್ತಿರಲಿಲ್ಲ.

"ನೀವು ಏನು ಯೋಚಿಸ್ತಿದ್ದೀರೋ, ಅದನ್ನ ನಾನು ಐದು ವರ್ಷದ ಹಿಂದೆ ಯೋಚಿಸಿದೆ," ಎಂದರು ಸರಸ್ವತಿ. "ಪಲ್ಲಾಡಿಯಂ ಹೊರಗೆ ಚಿನ್ನದ ಹಾಗೆ ಮಾರಾಟ ಆಗುತ್ತೆ. ಕಣ್ಣಿಗೆ ಎರಡೂ ಕಪ್ಪು ಕೆಸರು. ಪಲ್ಲಾಡಿಯಂ ತೆಗೆದು ನಿಕ್ಕಲ್ ತುಂಬಿದ್ರೆ ಯಾರಿಗೂ ಗೊತ್ತಾಗಲ್ಲ ಅಂತ ಅವನಿಗೆ ತೋರಿಸಿಕೊಟ್ಟವಳು ನಾನೇ. ಬುಧವಾರ ಬೆಳಿಗ್ಗೆ, ಫನೆಲ್ ಹಿಡಿಸಿಕೊಂಡು."

"ಇಷ್ಟು ಹುಷಾರಿದ್ದವನು ನಿಕ್ಕಲ್ ಅಂತ ಗೊತ್ತಿದ್ದೂ ಹತ್ತು ನಿಮಿಷ ಕಾಯ್ತಾನಾ?"

"ಯಾರಾದ್ರೂ ಪಕ್ಕದಲ್ಲಿದ್ರೆ ಕಾಯಲೇಬೇಕಲ್ಲ? ರೂಲ್ಸ್ ಮೀರಿದ್ರೆ ಅನುಮಾನ ಬರುತ್ತೆ." ಸರಸ್ವತಿ ಕಣ್ಣು ಮುಚ್ಚಿಕೊಂಡರು. "ಅವನು ಕಳ್ಳ ಅಂತ ನಾನು ನಂಬಲ್ಲ, ತಿರುಮಲೇಶ್. ನಂಬದೇ ಇರೋಕೆ ಕಾರಣಾನೂ ಸಿಗಲ್ಲ. ಅದಕ್ಕೇ ಸುಮ್ಮನಿದ್ದೆ. ಬಾಯಿ ಬಿಟ್ರೆ ಮೊದಲು ನನ್ನ ಹೆಸರು ಬರುತ್ತೆ, ಆಮೇಲೆ ಅವನದು. ಅಜಾಗರೂಕ ಅಂದ್ರೆ ಅವನ ಮನೆಯವರು ಊರಲ್ಲಿ ತಲೆಯೆತ್ತಿ ಓಡಾಡಬಹುದು. ಕಳ್ಳ ಅಂದ್ರೆ?"

"ಅದು ಅವನಿಗೋಸ್ಕರ ಸುಮ್ಮನಿದ್ದಿದ್ದಾ?"

ಸರಸ್ವತಿ ಕಣ್ಣು ತೆರೆದರು. ಕಣ್ಣಲ್ಲಿ ನೀರಿರಲಿಲ್ಲ.

"ಇಲ್ಲ," ಎಂದರು. "ನನಗೋಸ್ಕರ."

ಮತ್ತೆ ಅವರೇ ಹೇಳಿದರು. "ವರದಿ ಬರೆಯೋ ಮುಂಚೆ ನೀವು ಫೋನ್ ಮಾಡಿದಾಗ ನಾನು ಸುಳ್ಳು ಹೇಳಲಿಲ್ಲ. ಪಲ್ಲಾಡಿಯಂ ಅಂತಲೇ ನಂಬಿದ್ದೆ. ಸೋಮವಾರ, ಮಂಗಳವಾರದ್ದು ಹೇಳಲಿಲ್ಲ, ಅಷ್ಟೇ. ನೀವು ಇನ್ನೊಂದು ಪ್ರಶ್ನೆ ಕೇಳಿದ್ರೆ ಹೇಳಿಬಿಡ್ತಿದ್ದೆ. ರಿಸೀವರ್ ಕೈಯಲ್ಲಿ ಹಿಡ್ಕೊಂಡು ಕಾಯ್ತಾ ಇದ್ದೆ. ನೀವು ಥ್ಯಾಂಕ್ಸ್ ಅಂದು ಇಟ್ಟುಬಿಟ್ರಿ."

ತಿರುಮಲೇಶರಿಗೆ ಆ ಕರೆ ನೆನಪಿತ್ತು. ಆಚೆ ಕಡೆ ಮೌನವಿತ್ತು. ದುಃಖದಲ್ಲಿದ್ದಾರೆ, ತೊಂದರೆ ಕೊಡಬಾರದು ಎಂದುಕೊಂಡು ಇಟ್ಟಿದ್ದರು. ಸೌಜನ್ಯವೆಂದು ತಿಳಿದಿದ್ದರು.

ಬ್ಯಾಚಿನ ಹುಡುಗಿಯರಿಬ್ಬರು ಮೆಟ್ಟಿಲ ಬಳಿ ಸೈಕಲ್ ನಿಲ್ಲಿಸುವುದು ಕೇಳಿಸಿತು.

"ಸೋಮವಾರ ಕೋರ್ಟಿದೆ," ಎಂದರು ತಿರುಮಲೇಶ್.

"ಬರ್ತೀನಿ. ನಾನು ಮಾಡಿದ್ದನ್ನ ಜಡ್ಜ್ ಮುಂದೆ ಹೇಳ್ತೀನಿ. ಆದ್ರೆ ಈ ಪುಟವನ್ನೂ ತೋರಿಸ್ತೀನಿ. ಅರ್ಧ ಸತ್ಯ ಇನ್ನೊಂದ್ಸಲ ಹೇಳೋ ಶಕ್ತಿ ನನಗಿಲ್ಲ." ಅವರು ಪುಸ್ತಕವನ್ನು ತಿರುಮಲೇಶರ ಕಡೆ ತಳ್ಳಿದರು. "ತಗೊಂಡು ಹೋಗಿ. ಅಕ್ಷರ ಯಾರಿಗೆ ಬೇಕಾದ್ರೂ ತೋರಿಸಿ. ಆ ಹುಡುಗಿಗೆ ಹೇಳಬೇಕಾದವರು ಯಾರು ಅನ್ನೋದು ಮಾತ್ರ ನನಗೆ ಗೊತ್ತಿಲ್ಲ."

* * *

ಮೆಟ್ಟಿಲು ಇಳಿಯುವಾಗ ತಿರುಮಲೇಶ್ ನಡುವೆ ಒಮ್ಮೆ ನಿಂತರು.

ಪುಸ್ತಕವನ್ನು ತಮ್ಮಲ್ಲೇ ಇಟ್ಟುಕೊಳ್ಳಬಹುದಿತ್ತು. ಸೋಮವಾರದವರೆಗೆ ಆ ಹುಡುಗಿ ನೆಮ್ಮದಿಯಾಗಿರಲಿ ಎನ್ನಬಹುದಿತ್ತು. ಮಧ್ಯಾಹ್ನ 'ಅಂವಂದು ತಪ್ಪಿಲ್ಲ' ಎಂದಾಗ ಅವಳ ಭುಜ ಕೆಳಗಿಳಿದದ್ದನ್ನು ಅವರು ನೋಡಿದ್ದರು. ಆರು ವರ್ಷ ಹೊತ್ತದ್ದನ್ನು ಇಳಿಸಿದ ಹಾಗೆ. ಅದನ್ನು ಸಂಜೆಯೊಳಗೆ ಮತ್ತೆ ಹೊರಿಸಬೇಕಾಗಿತ್ತು.

ಆದರೆ ತೊಂದರೆ ಕೊಡಬಾರದೆಂದು ಅವರು ಹಿಂದೆ ಒಮ್ಮೆ ಸುಮ್ಮನಾಗಿದ್ದರು.

ಬೇಕರಿಯ ಮುಂದಿನ ಕಲ್ಲುಬೆಂಚಿನಲ್ಲಿ ಶೈಲಶ್ರೀ ಕೂತಿದ್ದಳು. ಪಕ್ಕದಲ್ಲಿ ಅರ್ಧ ಕುಡಿದು ಬಿಟ್ಟ ಟೀ ಆರಿಹೋಗಿತ್ತು. ಅವರನ್ನು ಕಂಡು ಎದ್ದು ನಿಂತಳು.

"ಏನಂದ್ರರೀ?"

"ಕೂತ್ಕೊ."

ಅವರು ಎಲ್ಲವನ್ನೂ ಹೇಳಿದರು. ಪೇಟೆಂಟಿನ ಆಸೆ, ಸೋಮವಾರ, ಮಂಗಳವಾರ, ಪೈಪಿನ ನೀರು. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೇಳಿದಳು. ಬುಧವಾರದ ವಿಷಯಕ್ಕೆ ಬಂದಾಗ ತಿರುಮಲೇಶ್ ಪುಸ್ತಕ ತೆರೆದು ಅವಳ ಮುಂದೆ ಹಿಡಿದರು.

"ಪಲ್ಲಾಡಿಯಂ ಕಾಣೆಯಾಗಿದೆ ಕಣಮ್ಮ. ಕಪಾಟಿನ ಕೀ ಇದ್ದಿದ್ದು ಇಬ್ಬರ ಹತ್ರ. ನಿಮ್ಮಣ್ಣನಿಗೆ ಬುಧವಾರ ಎಲ್ಲಾ ಗೊತ್ತಾಗಿತ್ತು ಅಂತ ಈ ಸಹಿ ಹೇಳುತ್ತೆ. ಸೋಮವಾರ ಕೋರ್ಟಿನಲ್ಲಿ ಇದನ್ನ ನೋಡಿದವರು ಏನು ಅಂತಾರೆ ಅನ್ನೋದು ನಿಂಗೆ ಮೊದಲೇ ಗೊತ್ತಿರಲಿ ಅಂತ ಹೇಳ್ತಿದ್ದೀನಿ."

ಅವಳು ಸಹಿಯನ್ನು ನೋಡಿದಳು. ಅವರು ಅಂದುಕೊಂಡ ಹಾಗೆ ಅಳಲಿಲ್ಲ. ಹುಬ್ಬು ಗಂಟಿಕ್ಕಿತು. ಬೆರಳು ಮೇಲೆ ಸರಿದು ತಾರೀಕಿನ ಮೇಲೆ ನಿಂತಿತು.

"ಇದು ಸುಳ್ಳು."

"ಅಕ್ಷರ ಅವನದೇ ಥರ ಇದೆ."

"ಅಕ್ಷರಾ ಬಿಡ್ರಿ. ಬುಧವಾರ ಮುಂಜಾನಿ ಹತ್ತಕ್ಕ ನಮ್ಮಣ್ಣ ಬೆಂಗಳೂರಾಗ ಇದ್ದಿದ್ದ ಇಲ್ಲ. ನಮ್ಮೂರು ಮಸ್ಕಿಯಾಗ, ನಮ್ಮನಿಯಾಗ ಇದ್ದ. ಮಂಗಳವಾರ ರಾತ್ರಿ ಬಸ್ ಹತ್ತಿ ಬುಧವಾರ ನಸುಕಿನ್ಯಾಗ ಬಂದಿದ್ದ. ಯಾಕ ಬಂದೆಪಾ ಅಂತ ಅವ್ವ ಕೇಳಿದ್ಳು, ಸುಮ್ಮನ ಅಂದ. ರೊಟ್ಟಿ ಉಂಡು ಮಲಗಿದ. ಸಂಜಿ ಬಸ್ಸಿಗೆ ಹೊಳ್ಳಿ ಹೋದ."

ತಿರುಮಲೇಶ್ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡರು. ಮೇಲಿನ ಮಹಡಿಯ ಕಿಟಕಿಯಲ್ಲಿ ಸರಸ್ವತಿಯವರ ನೆರಳು ಹಲಗೆಯ ಮುಂದೆ ಅತ್ತಿತ್ತ ಸರಿಯುತ್ತಿತ್ತು. ಪಾಠ ಶುರುವಾಗಿತ್ತು.

"ಯಾರಾದ್ರೂ ನೋಡಿದ್ದಾರಾ?"

"ನಾನು, ಅವ್ವ."

"ನಿಮ್ಮ ತಾಯಿ ಮುರಿಗೆವ್ವ ಕೋರ್ಟಿಗೆ ಬಂದು ಹೇಳ್ತಾರಾ?"

"ಅವ್ವ ಹ್ವಾದ ವರ್ಷ ಹೋದ್ಳು. ಹೇಳಿದ್ನೆಲ್ರೀ."

ಹೇಳಿದ್ದಳು. ಅವರು ಮರೆತಿದ್ದರು. ಅದಕ್ಕೂ ಒಂದು ಕ್ಷಣ ತಲೆ ತಗ್ಗಿಸಿದರು. ಆಮೇಲೆ ಕೇಳಲೇಬೇಕಾಗಿದ್ದ ಪ್ರಶ್ನೆ ಕೇಳಿದರು. ಈ ಸಲ ಇನ್ನೊಂದು ಪ್ರಶ್ನೆ ಕೇಳದೆ ಎದ್ದು ಹೋಗುವಂತಿರಲಿಲ್ಲ.

"ಮಧ್ಯಾಹ್ನ ನೀನು ಪತ್ರ ಅಂಚೆಯಲ್ಲಿ ಬಂತು ಅಂದೆ. ಮಂಗಳವಾರ ಬರೆದ ಪತ್ರ. ಅವತ್ತು ರಾತ್ರಿಯೇ ಬಸ್ ಹತ್ತಿ ಬಂದವನು, ಅಂಚೆಗೆ ಯಾಕೆ ಹಾಕ್ತಾನೆ?"

ಶೈಲಶ್ರೀ ಪಕ್ಕದಲ್ಲಿದ್ದ ಬಟ್ಟೆಯ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡಳು. ಬೇಕರಿಯವನು ಒಲೆಯಿಂದ ಬನ್ನಿನ ತಟ್ಟೆ ಎಳೆದ. ಬಿಸಿ ಬೆಣ್ಣೆಯ ವಾಸನೆ ಬಂತು. ಬಸ್ಸಿನಿಂದ ಇಳಿದ ಇಬ್ಬರು ಹೆಂಗಸರು ಅವರ ಮುಂದೆಯೇ ನಗುತ್ತ ಹಾದುಹೋದರು.

"ಶೈಲಶ್ರೀ, ನಾನು ಒಂದು ಸಲ ಕೇಳದೆ ಬರೆದೆ. ಇನ್ನೊಂದು ಸಲ ಹಾಗೆ ಮಾಡಿಸಬೇಡ."

"ಸುಳ್ಳು ಹೇಳಿದೆ," ಎಂದಳು ಅವಳು, ನೆಲ ನೋಡುತ್ತ. "ಪತ್ರ ಅಂವ ಕೈಯಾಗ ಕೊಟ್ಟ. ಅಂಚಿಗೆ ಹಾಕಬೇಕಂತ ಬರದಿದ್ದೆ, ಅಷ್ಟರಾಗ ನಾನ ಬಂದೆ ಅಂತ ನಕ್ಕ."

"ಅದನ್ನ ಯಾಕೆ ಮುಚ್ಚಿಟ್ಟೆ?"

"ಕೈಯಾಗ ಕೊಟ್ಟ ಅಂದ್ರ, ಅದರ ಜೋಡಿ ಇನ್ನೇನ ಕೊಟ್ಟ ಅಂತ ಕೇಳ್ತಿದ್ರಿ."

ತಿರುಮಲೇಶ್ ಪುಸ್ತಕ ಮುಚ್ಚಿದರು.

"ಇನ್ನೇನು ಕೊಟ್ಟ?"

"ಸೋಮವಾರ ಮಟ ಯಾರಿಗೂ ತೋರಿಸಬ್ಯಾಡ ಅಂದ. ಸೋಮವಾರ ನಾನ ಬಂದು ಒಯ್ತೀನಿ ಅಂದ." ಅವಳು ಬೆರಳಿನ ಸೆರಗು ಬಿಡಿಸಿದಳು. "ಸೋಮವಾರ ಅವನ ಹೆಣ ಬಂತ್ರೀ ಸರ. ಆಮ್ಯಾಲ ಯಾರಿಗೆ ಕೊಡ್ಲಿ? ತೆಗದು ನೋಡಿದ್ರ ನಮ್ಮಣ್ಣ ಏನಾಗಿದ್ದ ಅಂತ ಗೊತ್ತಾಗತೈತಿ. ಅದಕ್ಕ ನೋಡಲೇ ಇಲ್ಲ."

ಅವಳು ತೊಡೆಯ ಮೇಲಿದ್ದ ಬಟ್ಟೆಯ ಚೀಲದೊಳಕ್ಕೆ ಎರಡೂ ಕೈ ಹಾಕಿದಳು. ಹಳೆಯ ಖಣದ ಬಟ್ಟೆಯ ತುಂಡಿನಲ್ಲಿ ಸುತ್ತಿದ ಒಂದು ತಗಡಿನ ಡಬ್ಬಿಯನ್ನು ಹೊರತೆಗೆದು, ಬೆಂಚಿನ ಮೇಲೆ, ಇಬ್ಬರ ನಡುವೆ ಇಟ್ಟಳು. ಒಳಗಿರುವುದು ಕದ್ದ ಪಲ್ಲಾಡಿಯಮ್ಮೋ, ಸಾಕ್ಷಿಗೆಂದು ತೆಗೆದಿಟ್ಟ ನಿಕ್ಕಲ್ಲೋ, ಇಬ್ಬರಿಗೂ ಗೊತ್ತಿರಲಿಲ್ಲ. ಮುಚ್ಚಳದ ಸುತ್ತ ಮೇಣ ಇನ್ನೂ ಒಡೆದಿರಲಿಲ್ಲ.